ರಸ್ತೆಯನ್ನು ಮೇಜಿಗೆ ತರುವುದು: ಕಾರಿನ ನ್ಯಾವಿಗೇಷನ್ ತಂತ್ರಾಂಶ ಸುಧಾರಿಸುವ ಬಗೆ

ಕಾರು ಮೇಲ್ಸೇತುವೆ ಹತ್ತಿದೆ. ಪರದೆಯ ಮೇಲಿನ ಬಾಣ ಮಾತ್ರ ಕೆಳಗಿನ ಸರ್ವೀಸ್ ರಸ್ತೆಯಲ್ಲೇ ಓಡುತ್ತಿದೆ. ಅರ್ಧ ಕಿಲೋಮೀಟರ್ ಕಳೆದ ಮೇಲೆ, ಸೇತುವೆಯ ನಟ್ಟನಡುವೆ, ‘ಎಡಕ್ಕೆ ತಿರುಗಿ’ ಎಂಬ ದನಿ ಬರುತ್ತದೆ. ಚಾಲಕರು ದೂರು ಕೊಡುತ್ತಾರೆ. ಆ ದೂರು ತಂತ್ರಾಂಶ ಬರೆಯುವವರನ್ನು ತಲುಪುವಷ್ಟರಲ್ಲಿ ಒಂದೇ ಸಾಲು ಉಳಿದಿರುತ್ತದೆ: ‘ಮೇಲ್ಸೇತುವೆ ಬಳಿ ದಾರಿ ತಪ್ಪಿಸಿತು.’ ಎಂಜಿನಿಯರ್ ಅದೇ ಜಾಗಕ್ಕೆ ಕಾರು ತೆಗೆದುಕೊಂಡು ಹೋದರೆ ಎಲ್ಲವೂ ಸರಿಯಾಗಿಯೇ ನಡೆಯುತ್ತದೆ. ಅಂದು ಇದ್ದ ಜಾಗದಲ್ಲಿ ಇಂದು ಉಪಗ್ರಹಗಳಿಲ್ಲ, ಕಾರು ತಿರುಗುವುದನ್ನು ಅಳೆಯುವ ಗೈರೋಸ್ಕೋಪ್ ಅಷ್ಟು ಬಿಸಿಯಾಗಿಲ್ಲ, ಸಿಗ್ನಲ್‌ಗೆ ಅಡ್ಡ ಬಂದ ಲಾರಿ ಪಕ್ಕದಲ್ಲಿಲ್ಲ. ದೂರಿನ ಕೆಳಗೆ ‘ಮತ್ತೆ ಕಾಣಿಸಲಿಲ್ಲ’ ಎಂದು ಬರೆದು ಮುಚ್ಚಿಬಿಡುತ್ತಾರೆ.

ನ್ಯಾವಿಗೇಷನ್ ತಂತ್ರಾಂಶದ ಸುಧಾರಣೆ ಶುರುವಾಗಬೇಕಾದ್ದು ಈ ಮುಚ್ಚಿದ ದೂರಿನಿಂದ. ಹೊಸ ಅಲ್ಗಾರಿದಮ್ ಹುಡುಕುವುದು ಆಮೇಲಿನ ಮಾತು. ಅಂದು ಆ ಕಾರಿನ ಸೆನ್ಸರ್‌ಗಳು ಕಂಡದ್ದನ್ನೆಲ್ಲ ಹಾಗೆಯೇ ಮತ್ತೆ ಓಡಿಸಿ ನೋಡಲು ಆಗದಿದ್ದರೆ, ಕೋಡ್‌ನಲ್ಲಿ ಮಾಡುವ ಪ್ರತಿ ಬದಲಾವಣೆಯೂ ಊಹೆ.

ದಾಖಲೆ ಮತ್ತು ಮರುಓಟ

ಎಷ್ಟೋ ವ್ಯವಸ್ಥೆಗಳು ಲಾಗ್ (ನಡೆದದ್ದರ ದಾಖಲೆ) ಬರೆಯುತ್ತವೆ, ಆದರೆ ತಮ್ಮ ತೀರ್ಮಾನವನ್ನಷ್ಟೇ ಬರೆಯುತ್ತವೆ: ‘ಕಾರು ಈ ರಸ್ತೆಯಲ್ಲಿದೆ’, ‘ಹೊಸ ದಾರಿ ಲೆಕ್ಕ ಹಾಕಿದೆ’. ತೀರ್ಮಾನವೇ ತಪ್ಪಾಗಿರುವಾಗ ಇದರಿಂದ ಉಪಯೋಗವಿಲ್ಲ. ಬೇಕಾದ್ದು ಒಳಗೆ ಬಂದ ಕಚ್ಚಾ ಮಾಹಿತಿ. ಉಪಗ್ರಹ ರಿಸೀವರ್ ಕೊಟ್ಟ ಸ್ಥಾನ, ವೇಗ, ದಿಕ್ಕು, ಅದೇ ಅಂದಾಜಿಸಿದ ದೋಷ, ಪ್ರತಿ ಉಪಗ್ರಹದ ಸಿಗ್ನಲ್ ಬಲ, ಗೈರೋಸ್ಕೋಪ್ ಮತ್ತು ವೇಗೋತ್ಕರ್ಷ ಅಳೆಯುವ ಆಕ್ಸೆಲರೋಮೀಟರ್ ಸೆಕೆಂಡಿಗೆ 50ರಿಂದ 100 ಸಲ ಕೊಡುವ ಅಳತೆ, ಕಾರಿನ ಭಾಗಗಳನ್ನು ಜೋಡಿಸುವ ತಂತಿಜಾಲವಾದ ಕ್ಯಾನ್ ಬಸ್‌ನಿಂದ ಬರುವ, ಚಕ್ರ ತಿರುಗಿದಂತೆ ಹೊಮ್ಮುವ ಪಲ್ಸ್‌ಗಳ ಎಣಿಕೆ, ರಿವರ್ಸ್ ಗೇರ್, ಸೆನ್ಸರ್‌ನ ತಾಪಮಾನ, ಚಾಲಕರು ಒತ್ತಿದ ಬಟನ್, ನಕ್ಷೆಯ ಆವೃತ್ತಿ, ತಂತ್ರಾಂಶದ ಬಿಲ್ಡ್ (ಸಿದ್ಧ ಆವೃತ್ತಿ) ಸಂಖ್ಯೆ. ಇವೆಲ್ಲ ಸೇರಿ ಸೆಕೆಂಡಿಗೆ 3 ಕಿಲೋಬೈಟ್ ಎಂದಿಟ್ಟುಕೊಂಡರೂ ಗಂಟೆಗೆ 11 ಮೆಗಾಬೈಟ್ ದಾಟದು. ಕೊನೆಯ 10 ನಿಮಿಷದ ದಾಖಲೆ 2 ಮೆಗಾಬೈಟ್ ಒಳಗೇ ಮುಗಿಯುತ್ತದೆ. ಅದನ್ನು ರ‍್ಯಾಮ್‌ನಲ್ಲೇ ಹಳೆಯದರ ಮೇಲೆ ಹೊಸದನ್ನು ಬರೆಯುತ್ತ ಹೋಗುವ ಸುತ್ತುಬಳಕೆಯ ಬಫರ್ ಆಗಿಟ್ಟು, ಕಾರಣವಿಲ್ಲದೆ ದಾರಿ ಬದಲಾದಾಗ ಅಥವಾ ಚಾಲಕರು ದೂರಿನ ಬಟನ್ ಒತ್ತಿದಾಗ ಮಾತ್ರ ಫ್ಲ್ಯಾಶ್ ಮೆಮೊರಿಗೆ ಇಳಿಸಿದರೆ ಸಾಕು. ಇಂಥ ದಾಖಲೆಯಲ್ಲಿ ಒಬ್ಬರ ಮನೆ, ಕೆಲಸದ ಜಾಗ, ಆಸ್ಪತ್ರೆ ಎಲ್ಲವೂ ಇರುತ್ತದೆ. ಆದ್ದರಿಂದ ಒಪ್ಪಿಗೆಯಿಲ್ಲದೆ ಅದು ಕಾರಿನಿಂದ ಹೊರಗೆ ಹೋಗಕೂಡದು. ಹೋಗುವಾಗಲೂ ಪ್ರಯಾಣದ ಮೊದಲ ಮತ್ತು ಕೊನೆಯ ಕೆಲವು ನೂರು ಮೀಟರ್ ಕತ್ತರಿಸಿ ಹಾಕಬೇಕು.

ದಾಖಲೆಯಲ್ಲಿ ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಸಮಯ. ಪೆಟ್ಟಿಗೆಯೊಳಗೆ ಕನಿಷ್ಠ ಮೂರು ಗಡಿಯಾರಗಳಿರುತ್ತವೆ: ರಿಸೀವರ್‌ನದ್ದು, ಕ್ಯಾನ್ ಬಸ್ ಓದುವ ಮೈಕ್ರೋಕಂಟ್ರೋಲರ್‌ನದ್ದು, ಮುಖ್ಯ ಪ್ರೊಸೆಸರ್‌ನದ್ದು. ಮಾಹಿತಿ ಕೈಗೆ ಬಂದ ಗಳಿಗೆಯನ್ನೇ ಅದು ಅಳೆದ ಗಳಿಗೆ ಎಂದು ಹಿಡಿಯುವುದು ಈ ಕ್ಷೇತ್ರದ ಅತಿ ಸಾಮಾನ್ಯ ತಪ್ಪು. ಒಂದು ಲೆಕ್ಕ ನೋಡಿ. ರಿಸೀವರ್ 9600 ಬಾಡ್ (ಸೆಕೆಂಡಿಗೆ 9600 ಬಿಟ್) ವೇಗದ ಸೀರಿಯಲ್ ತಂತಿಯಲ್ಲಿ, ಸ್ಥಾನ ಮತ್ತು ಸಮಯವನ್ನು ಅಕ್ಷರಗಳಲ್ಲಿ ಹೇಳುವ ಎನ್‌ಎಂಇಎ ವಾಕ್ಯಗಳನ್ನು ಕಳಿಸುತ್ತಿದೆ. ಅಕ್ಷರಕ್ಕೆ 10 ಬಿಟ್‌ನಂತೆ ಆ ತಂತಿಯಲ್ಲಿ ಸೆಕೆಂಡಿಗೆ 960 ಅಕ್ಷರ ಹೋಗಬಹುದು. ಸುಮಾರು 70 ಅಕ್ಷರದ 8 ವಾಕ್ಯಗಳಿದ್ದರೆ ಕೊನೆಯದು ತಲುಪಲು ಅರ್ಧ ಸೆಕೆಂಡಿಗೂ ಹೆಚ್ಚು ಬೇಕು. ಗಂಟೆಗೆ 72 ಕಿ.ಮೀ. ಎಂದರೆ ಸೆಕೆಂಡಿಗೆ 20 ಮೀಟರ್. ಅಷ್ಟರಲ್ಲಿ ಕಾರು ಸುಮಾರು 12 ಮೀಟರ್ ಮುಂದೆ ಹೋಗಿರುತ್ತದೆ. ಹತ್ತಿರದ ಎರಡು ತಿರುವುಗಳಲ್ಲಿ ಯಾವುದು ಎಂಬ ಗೊಂದಲಕ್ಕೆ ಇಷ್ಟು ಸಾಕು. ಪರಿಹಾರ ಸರಳ: ಬೇಡದ ವಾಕ್ಯಗಳನ್ನು ನಿಲ್ಲಿಸಿ, ವೇಗವನ್ನು 115200 ಬಾಡ್‌ಗೆ ಏರಿಸಿ, ರಿಸೀವರ್ ಪ್ರತಿ ಸೆಕೆಂಡಿನ ಆರಂಭಕ್ಕೆ ಕೊಡುವ ಪಲ್ಸ್‌ಗೆ ಉಳಿದ ಗಡಿಯಾರಗಳನ್ನು ಹೊಂದಿಸಿ.

ಇನ್ನು ಮರುಓಟ. ಒಂದೇ ದಾಖಲೆಯನ್ನು ಎರಡು ಸಲ ಓಡಿಸಿದರೆ ಫಲಿತಾಂಶ ಬಿಟ್ ಬಿಟ್‌ಗೂ ಒಂದೇ ಆಗಿರಬೇಕು. ಹಾಗಾಗದಿದ್ದರೆ ಬೇರೆಲ್ಲ ಕೆಲಸ ಬದಿಗಿಟ್ಟು ಮೊದಲು ಅದನ್ನು ಸರಿಪಡಿಸಬೇಕು. ಕಾರಣ ಸಾಮಾನ್ಯವಾಗಿ ಎರಡೇ ಕಡೆ ಸಿಗುತ್ತದೆ. ಕೋಡ್‌ನ ಯಾವುದೋ ಮೂಲೆಯಲ್ಲಿ ಯಾರೋ ಸಿಸ್ಟಂ ಗಡಿಯಾರವನ್ನು ನೇರವಾಗಿ ಕೇಳಿರುತ್ತಾರೆ. ಇಲ್ಲವೇ ಒಟ್ಟಿಗೆ ಓಡುವ ಎರಡು ಥ್ರೆಡ್‌ಗಳು (ಕೋಡ್‌ನ ಎಳೆಗಳು) ಯಾರು ಮೊದಲು ಎಂಬ ಪೈಪೋಟಿಯಲ್ಲಿರುತ್ತವೆ. ಸಮಯವನ್ನು ಹೊರಗಿನಿಂದ ಕೊಡುವ ಒಂದೇ ಇಂಟರ್ಫೇಸ್ ಇಟ್ಟು, ಎಲ್ಲ ಸೆನ್ಸರ್ ಮಾಹಿತಿಯನ್ನು ಒಂದೇ ಸಾಲಿನಲ್ಲಿ, ಅಳೆದ ಸಮಯದ ಕ್ರಮದಲ್ಲಿ ಒಳಗೆ ಬಿಟ್ಟರೆ ಎರಡೂ ಕಾಯಿಲೆ ಹೋಗುತ್ತವೆ. ಆಮೇಲೆ ಒಂದು ಗಂಟೆಯ ಪ್ರಯಾಣವನ್ನು ಕೆಲವೇ ನಿಮಿಷಗಳಲ್ಲಿ ಓಡಿಸಬಹುದು, ರಾತ್ರಿಯಿಡೀ ಸಾವಿರಾರು ಗಂಟೆಯ ರಸ್ತೆಯನ್ನು ಹೊಸ ಬಿಲ್ಡ್‌ಗೆ ತೋರಿಸಬಹುದು.

ಒಂದು ಸುರಂಗದ ಲೆಕ್ಕ

ಉಪಗ್ರಹ ಕಾಣದ ಕಡೆ ಕಾರು ತನ್ನ ಚಕ್ರ ಮತ್ತು ಗೈರೋಸ್ಕೋಪ್ ನಂಬಿಕೊಂಡು ಲೆಕ್ಕ ಹಾಕುತ್ತ ಹೋಗುತ್ತದೆ. 1200 ಮೀಟರ್ ಉದ್ದದ ನೇರ ಸುರಂಗ, ಸೆಕೆಂಡಿಗೆ 20 ಮೀಟರ್ ವೇಗ, ಒಟ್ಟು 60 ಸೆಕೆಂಡು ಎಂದುಕೊಳ್ಳಿ. ಕಾರು ತಿರುಗದೆ ಇದ್ದಾಗಲೂ ಗೈರೋಸ್ಕೋಪ್ ಸೆಕೆಂಡಿಗೆ 0.1 ಡಿಗ್ರಿ ತಿರುಗುತ್ತಿದೆ ಎಂದು ಹೇಳಿದರೆ, ಸುರಂಗದ ಕೊನೆಯಲ್ಲಿ ದಿಕ್ಕು 6 ಡಿಗ್ರಿ ತಪ್ಪಿರುತ್ತದೆ. ಸ್ಥಾನದ ತಪ್ಪು ಕಾಲದ ವರ್ಗದೊಂದಿಗೆ ಬೆಳೆಯುವುದರಿಂದ ಕಾರು ಸುಮಾರು 63 ಮೀಟರ್ ಪಕ್ಕಕ್ಕೆ ಸರಿದಂತೆ ಕಾಣುತ್ತದೆ. ಇದೇ ದೋಷವನ್ನು 0.01 ಡಿಗ್ರಿಗೆ ಇಳಿಸಿದರೆ 6 ಮೀಟರ್ ಆಸುಪಾಸು.

ಇಳಿಸುವುದು ಹೇಗೆ? ಕಾರು ನಿಂತಾಗಲೆಲ್ಲ ಗೈರೋಸ್ಕೋಪ್ ಏನು ಹೇಳುತ್ತಿದೆ ಎಂದು ನೋಡಿ ಅದನ್ನೇ ಶೂನ್ಯವೆಂದು ಹಿಡಿಯುವುದು. ಈ ಶೂನ್ಯ ತಾಪಮಾನದೊಂದಿಗೆ ಜರುಗುತ್ತದೆ. ಬೆಳಗಿನ ಚಳಿಯಲ್ಲಿ ಕಲಿತದ್ದು ಡ್ಯಾಶ್‌ಬೋರ್ಡ್ ಕಾದ ಮೇಲೆ ನಡೆಯದು. ಆದ್ದರಿಂದ ತಾಪಮಾನಕ್ಕೊಂದು ಮೌಲ್ಯದಂತೆ ಕೋಷ್ಟಕವನ್ನೇ ಕಲಿತು ಉಳಿಸಬೇಕು. ಇಲ್ಲಿ ಎಡವುವವರು ಬಹಳ: ದೋಣಿಯ ಮೇಲೆ, ತಿರುಗುವ ಪಾರ್ಕಿಂಗ್ ವೇದಿಕೆಯ ಮೇಲೆ ಚಕ್ರ ನಿಂತಿರುತ್ತದೆ, ಕಾರು ಮಾತ್ರ ತಿರುಗುತ್ತಿರುತ್ತದೆ. ಅಳತೆಯ ಏರಿಳಿತ ಮಿತಿ ಮೀರಿದರೆ, ಅಥವಾ ಹಳೆಯ ಮೌಲ್ಯಕ್ಕಿಂತ ತೀರಾ ದೂರವಿದ್ದರೆ ಆ ನಿಲುಗಡೆಯಿಂದ ಏನನ್ನೂ ಕಲಿಯಬಾರದು.

ಚಕ್ರದ ಕತೆಯೂ ಹೀಗೇ. ಹೊಸ ಟೈರಿನ ತುಳಿಪಟ್ಟಿ 8 ಮಿ.ಮೀ. ಇದ್ದು ಸವೆದು 1.6ಕ್ಕೆ ಬಂದರೆ ಚಕ್ರದ ತ್ರಿಜ್ಯ ಸುಮಾರು ಶೇ. 2ರಷ್ಟು ಕುಗ್ಗುತ್ತದೆ. ಸವೆದ ಚಕ್ರ ಹೆಚ್ಚು ಸುತ್ತು ಹಾಕುವುದರಿಂದ 1200 ಮೀಟರ್ ಸುರಂಗದಲ್ಲಿ ಕಾರು 24 ಮೀಟರ್ ಮುಂದಿದ್ದಂತೆ ತೋರುತ್ತದೆ. ಸುರಂಗದ ಬಾಯಲ್ಲೇ ಕವಲಿದ್ದರೆ ಅಷ್ಟೇ ಗತಿ. ಉಪಗ್ರಹ ಚೆನ್ನಾಗಿ ಕಾಣುವ ನೇರ ರಸ್ತೆಯಲ್ಲಿ ಪಲ್ಸ್ ಎಣಿಕೆಯನ್ನೂ ಕ್ರಮಿಸಿದ ದೂರವನ್ನೂ ಹೋಲಿಸಿ, ಒಂದು ಪಲ್ಸ್‌ಗೆ ಎಷ್ಟು ದೂರ ಎಂಬ ಗುಣಕವನ್ನು ನಿಧಾನವಾಗಿ ತಿದ್ದುತ್ತಿರಬೇಕು. ಟೈರು ಬದಲಾಯಿಸಿದಾಗ ಅದು ಒಮ್ಮೆಗೇ ಹಾರುತ್ತದೆ ಎಂಬುದನ್ನೂ ನೆನಪಿಟ್ಟು, ಹೊಸ ಮೌಲ್ಯವನ್ನು ಬೇಗ ಹಿಡಿಯುವ ವ್ಯವಸ್ಥೆ ಇರಬೇಕು.

ಕಾರು ಎಲ್ಲಿದೆ ಎಂಬುದು ಒಂದು ಸಂಶಯ

ನಕ್ಷೆಯ ಯಾವ ರಸ್ತೆಯಲ್ಲಿ ಕಾರಿದೆ ಎಂದು ತೀರ್ಮಾನಿಸುವ ಭಾಗಕ್ಕೆ ಮ್ಯಾಪ್ ಮ್ಯಾಚಿಂಗ್ ಎನ್ನುತ್ತಾರೆ. ಅತಿ ಹತ್ತಿರದ ರಸ್ತೆಯನ್ನು ಆರಿಸಿಕೊಳ್ಳುವುದು ಮೊದಲು ಹೊಳೆಯುವ ಉಪಾಯ, ಮೊದಲು ಕೈಕೊಡುವುದೂ ಅದೇ. ಬಯಲಿನಲ್ಲಿ ಸ್ಥಾನದ ದೋಷ ಕೆಲವು ಮೀಟರ್. ಎತ್ತರದ ಕಟ್ಟಡಗಳ ನಡುವೆ ಸಿಗ್ನಲ್ ಗೋಡೆಗೆ ಬಡಿದು ಬರುವಾಗ ಅದು ಹತ್ತಾರು ಮೀಟರ್. ಸರ್ವೀಸ್ ರಸ್ತೆ ಮುಖ್ಯ ರಸ್ತೆಯಿಂದ 12 ಮೀಟರ್ ದೂರವಿದ್ದರೆ ಸ್ಥಾನವೊಂದನ್ನೇ ನೋಡಿ ಹೇಳುವುದು ಯಾರಿಂದಲೂ ಆಗದು.

ಗಟ್ಟಿಯಾದ ದಾರಿ ಎಂದರೆ ಹಲವು ಸಾಧ್ಯತೆಗಳನ್ನು ಒಟ್ಟಿಗೆ ಜೀವಂತ ಇಟ್ಟುಕೊಳ್ಳುವುದು. ನೇರವಾಗಿ ಕಾಣದ ಸ್ಥಿತಿಯನ್ನು ಅಳತೆಗಳಿಂದ ಅಂದಾಜಿಸುವ ಹಿಡನ್ ಮಾರ್ಕೊವ್ ಮಾದರಿಯನ್ನು ಇದಕ್ಕೆ ಬಳಸುವ, 2009ರಲ್ಲಿ ಸಂಶೋಧಕರಾದ ನ್ಯೂಸನ್ ಮತ್ತು ಕ್ರಮ್ ಪ್ರಕಟಿಸಿದ ವಿಧಾನ ಈಗ ಎಲ್ಲರಿಗೂ ಪರಿಚಿತ. ಅದು ಎರಡು ಪ್ರಶ್ನೆ ಕೇಳುತ್ತದೆ. ಅಳೆದ ಸ್ಥಾನ ಈ ರಸ್ತೆಯಿಂದ ಎಷ್ಟು ದೂರ? ಹಿಂದಿನ ಬಿಂದುವಿನಿಂದ ಇಲ್ಲಿಗೆ ರಸ್ತೆಯ ಮೂಲಕ ಬಂದ ದೂರವೂ ನೇರ ಗೆರೆಯ ದೂರವೂ ಎಷ್ಟು ಹೊಂದುತ್ತವೆ? ಎರಡನೆಯ ಪ್ರಶ್ನೆಯೇ ಬಲವಾದದ್ದು. ಒಂದು ಸೆಕೆಂಡಿನಲ್ಲಿ 20 ಮೀಟರ್ ಚಲಿಸಿದ ಕಾರು, ರಸ್ತೆಯ ಮೂಲಕ 900 ಮೀಟರ್ ಸುತ್ತಿ ಬರಬೇಕಾದ ಜಾಗದಲ್ಲಿ ಇರಲಾರದು.

ಕಾರಿಗಿರುವ ತೊಡಕೇನೆಂದರೆ ಉತ್ತರ ಈಗಲೇ ಬೇಕು. ಮುಂದೆ ಬರುವ ಸಾಕ್ಷ್ಯ ನೋಡಿ ಹಿಂದಿನದನ್ನು ತಿದ್ದುವ ಅವಕಾಶ ಇಲ್ಲಿ ಕಡಿಮೆ. 10 ಡಿಗ್ರಿ ಕೋನದಲ್ಲಿ ಕವಲೊಡೆಯುವ ಎರಡು ರಸ್ತೆಗಳು 10 ಮೀಟರ್ ದೂರವಾಗಲು ಸುಮಾರು 57 ಮೀಟರ್ ಹೋಗಬೇಕು, ಅಂದರೆ ಸುಮಾರು 3 ಸೆಕೆಂಡು. ಗೈರೋಸ್ಕೋಪ್‌ಗೆ ಅದೇ 10 ಡಿಗ್ರಿ ಕವಲಿನಲ್ಲೇ ಕಾಣುತ್ತದೆ. ಹಾಗಾಗಿ ಕವಲಿನ ಹತ್ತಿರ ಸ್ಥಾನಕ್ಕಿಂತ ದಿಕ್ಕಿನ ಬದಲಾವಣೆಗೆ ಹೆಚ್ಚು ತೂಕ ಕೊಡಬೇಕು. ಮೇಲ್ಸೇತುವೆಗೆ ಇನ್ನೊಂದು ಸಾಕ್ಷಿಯಿದೆ: ಏರು. ಶೇ. 4ರ ಏರಿನಲ್ಲಿ ಆಕ್ಸೆಲರೋಮೀಟರ್ ಸುಮಾರು 0.39 ಮೀ/ಸೆ² ಹೆಚ್ಚುವರಿಯಾಗಿ ತೋರಿಸುತ್ತದೆ. ಚಕ್ರದ ವೇಗದಿಂದ ತೆಗೆದ ನಿಜವಾದ ವೇಗೋತ್ಕರ್ಷವನ್ನು ಕಳೆದರೆ ಉಳಿಯುವುದು ಇಳಿಜಾರಿನ ಪಾಲು. ನಕ್ಷೆಯಲ್ಲಿ ಏರಿನ ಮಾಹಿತಿ ಇದ್ದರೆ ಮಾತ್ರ ಇದು ಕೆಲಸಕ್ಕೆ ಬರುತ್ತದೆ. ಉಪಗ್ರಹದಿಂದ ಬರುವ ಎತ್ತರವನ್ನು ಇಲ್ಲಿ ನೆಚ್ಚಬಾರದು, ಅದರ ದೋಷ ಸಮತಲ ಸ್ಥಾನದ ದೋಷಕ್ಕಿಂತಲೂ ದೊಡ್ಡದು.

ಮೊದಲು ಹೇಳಿದ ದೂರಿನ ಮೂಲ ಬಹುಪಾಲು ಹೀಗಿರುತ್ತದೆ. ಸೇತುವೆಯ ಬುಡದಲ್ಲಿ ಎರಡೂ ಸಾಧ್ಯತೆಗಳಿಗೆ ಹತ್ತಿರ ಹತ್ತಿರ ಸಮ ತೂಕವಿತ್ತು. ತಂತ್ರಾಂಶ ಅವಸರದಲ್ಲಿ ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಎಸೆದುಬಿಟ್ಟಿತು. ಆಮೇಲೆ ಸಮಾನಾಂತರವಾಗಿ ಓಡುವ ರಸ್ತೆಯಲ್ಲಿ ಎಸೆದದ್ದನ್ನು ಮತ್ತೆ ಎತ್ತಿಕೊಳ್ಳಲು ಹೊಸ ಸಾಕ್ಷ್ಯವೇ ಸಿಗಲಿಲ್ಲ. ಎರಡೂ ದಾರಿಗಳು ನಿಜವಾಗಿ ಬೇರೆಯಾಗುವವರೆಗೆ, ಅಥವಾ ಒಂದರ ಸಂಭವನೀಯತೆ ಇನ್ನೊಂದರ ಹತ್ತಾರು ಪಟ್ಟಾಗುವವರೆಗೆ ಎರಡನ್ನೂ ಉಳಿಸಿಕೊಳ್ಳಬೇಕು. ಆ ಸಂಶಯವನ್ನು ಮಾತಿನ ಭಾಗಕ್ಕೂ ತಿಳಿಸಬೇಕು. ಯಾವ ರಸ್ತೆ ಎಂದೇ ಗೊತ್ತಿಲ್ಲದಾಗ ‘ಎಡಕ್ಕೆ ತಿರುಗಿ’ ಎನ್ನುವುದಕ್ಕಿಂತ ಎರಡು ಸೆಕೆಂಡು ಸುಮ್ಮನಿರುವುದು ಮೇಲು.

ದಾರಿ ಹುಡುಕುವ ಭಾಗ

ಅತಿ ಕಡಿಮೆ ದೂರದ ದಾರಿ ಹುಡುಕುವ ಡೈಕ್‌ಸ್ಟ್ರಾ ವಿಧಾನ 1959ರದ್ದು, ಎ-ಸ್ಟಾರ್ 1968ರದ್ದು. ದೊಡ್ಡ ನಕ್ಷೆಯಲ್ಲಿ ಅವು ನಿಧಾನವಾದ್ದರಿಂದ 2008ರಲ್ಲಿ ಬಂದ ಕಾಂಟ್ರ್ಯಾಕ್ಷನ್ ಹೈರಾರ್ಕಿಯಂಥ ವಿಧಾನಗಳು ನಕ್ಷೆಗೆ ಮೊದಲೇ ಅಡ್ಡದಾರಿಗಳನ್ನು (ಹಲವು ರಸ್ತೆ ತುಂಡುಗಳ ಬದಲಿಗೆ ಒಂದೇ ಕೊಂಡಿ) ಸೇರಿಸಿಟ್ಟು ಹುಡುಕಾಟವನ್ನು ಮಿಲಿಸೆಕೆಂಡುಗಳಿಗೆ ಇಳಿಸುತ್ತವೆ. ಆದರೆ ಆ ಅಡ್ಡದಾರಿಗಳು ಹಳೆಯ ವೇಗದ ಲೆಕ್ಕದ ಮೇಲೆ ನಿಂತಿರುತ್ತವೆ. ಟ್ರಾಫಿಕ್ ಬದಲಾದರೆ ಮತ್ತೆ ಕಟ್ಟಬೇಕು. ಕ್ಷಣಕ್ಷಣದ ಟ್ರಾಫಿಕ್ ಬೇಕಾದಲ್ಲಿ ರಸ್ತೆಗಳ ಜೋಡಣೆಯನ್ನೂ ವೇಗದ ಮೌಲ್ಯಗಳನ್ನೂ ಬೇರ್ಪಡಿಸಿ, ಎರಡನೆಯದನ್ನು ಮಾತ್ರ ಮರುಲೆಕ್ಕ ಹಾಕುವ ಬಹುಹಂತದ ವಿಧಾನ ಒಳ್ಳೆಯದು.

ತಿರುವಿನ ನಿಷೇಧವನ್ನು ಆಮೇಲೆ ಸೇರಿಸಿದರಾಯಿತು ಎಂದು ಬಿಡುವ ತಂಡಗಳು ಪಶ್ಚಾತ್ತಾಪ ಪಡುತ್ತವೆ. ‘ಈ ರಸ್ತೆಯಿಂದ ಬಂದರೆ ಬಲಕ್ಕೆ ತಿರುಗುವಂತಿಲ್ಲ’ ಎಂಬುದು ಕೂಡುರಸ್ತೆಯ ಗುಣವಲ್ಲ, ರಸ್ತೆಗಳ ಜೋಡಿಯ ಗುಣ. ಗ್ರಾಫ್‌ನಲ್ಲಿ (ಬಿಂದು ಮತ್ತು ಕೊಂಡಿಗಳ ಜಾಲದಲ್ಲಿ) ರಸ್ತೆಯ ತುಂಡನ್ನೇ ನೋಡ್ (ಬಿಂದು) ಆಗಿ ಇಟ್ಟು ಮೊದಲಿನಿಂದ ಕಟ್ಟಬೇಕು.

ಚಾಲಕರು ದಾರಿ ಬಿಟ್ಟಾಗ ಹೊಸ ದಾರಿಯನ್ನು ಕಾರು ಈಗಿರುವ ಬಿಂದುವಿನಿಂದ ಲೆಕ್ಕ ಹಾಕಿದರೆ, ಉತ್ತರ ಬರುವ 2 ಸೆಕೆಂಡಿನಲ್ಲಿ ಕಾರು 40 ಮೀಟರ್ ದಾಟಿ, ಮೊದಲ ತಿರುವು ಹಿಂದೆ ಉಳಿದಿರುತ್ತದೆ. ಮತ್ತೆ ಲೆಕ್ಕ, ಮತ್ತೆ ತಪ್ಪು. ಆದ್ದರಿಂದ ಹುಡುಕಾಟ ಶುರುವಾಗಬೇಕಾದ್ದು 3 ಅಥವಾ 4 ಸೆಕೆಂಡಿನ ಮುಂದೆ ಕಾರು ಇರಬಹುದಾದ ಬಿಂದುವಿನಿಂದ.

ನಕ್ಷೆಯನ್ನೂ ಕೋಡ್‌ನಂತೆ ಪರೀಕ್ಷಿಸಿ

ಅಕ್ಷಾಂಶ ರೇಖಾಂಶಗಳನ್ನು 32 ಬಿಟ್ ಫ್ಲೋಟ್‌ನಲ್ಲಿ (ದಶಮಾಂಶ ಸಂಖ್ಯೆಯ ರೂಪದಲ್ಲಿ) ಇಡಬೇಡಿ. ರೇಖಾಂಶ 64ರಿಂದ 128 ಡಿಗ್ರಿಯ ನಡುವೆ ಅದರ ಅತಿ ಚಿಕ್ಕ ಹೆಜ್ಜೆ ಭೂಮಧ್ಯರೇಖೆಯಲ್ಲಿ ಸುಮಾರು 85 ಸೆಂ.ಮೀ., 128 ದಾಟಿದರೆ 1.7 ಮೀಟರ್. ಅದೇ 32 ಬಿಟ್‌ಗಳನ್ನು ಪೂರ್ಣಾಂಕವಾಗಿ ಬಳಸಿ 360 ಡಿಗ್ರಿಯನ್ನು ಸಮವಾಗಿ ಹಂಚಿದರೆ ಹೆಜ್ಜೆ ಭೂಮಿಯ ಎಲ್ಲ ಕಡೆಯೂ 1 ಸೆಂ.ಮೀ. ಒಳಗೆ ಬರುತ್ತದೆ.

ನಕ್ಷೆಯನ್ನು ತುಂಡು ತುಂಡಾಗಿ ಹೊಸದು ಮಾಡುವಾಗ ಗಡಿಯಲ್ಲಿ ತೊಂದರೆ. ಹೊಸ ತುಂಡಿನ ರಸ್ತೆ ಹಳೆಯ ತುಂಡಿನ ರಸ್ತೆಗೆ ಕೂಡದಿದ್ದರೆ, ಪರದೆಯಲ್ಲಿ ಚೆನ್ನಾಗಿಯೇ ಕಂಡರೂ ದಾರಿ ಹುಡುಕುವ ಭಾಗಕ್ಕೆ ಅಲ್ಲಿ ಕಂದಕವಿರುತ್ತದೆ. ಏಕಮುಖ ರಸ್ತೆಯ ಬಾಣ ಒಂದು ಕಡೆ ತಿರುಗಿ ಬಿದ್ದರೆ ಒಂದು ಬಡಾವಣೆಯೇ ದ್ವೀಪವಾಗಿ, ಒಳಗೆ ಹೋಗಲು ದಾರಿಯಿದ್ದು ಹೊರಬರಲು ಇಲ್ಲದಂತಾಗುತ್ತದೆ. ಪ್ರತಿ ನಕ್ಷೆ ಬಿಡುಗಡೆಗೂ ಮುನ್ನ ಎಲ್ಲಿಂದೆಲ್ಲಿಗೂ ತಲುಪಬಹುದೇ ಎಂಬ ಗ್ರಾಫ್ ಪರೀಕ್ಷೆ ಓಡಿಸಿ. ಸುಮಾರು 10,000 ಊರು–ಊರು ಜೋಡಿಗಳಿಗೆ ಹಳೆಯ ಮತ್ತು ಹೊಸ ನಕ್ಷೆಯಲ್ಲಿ ದಾರಿ ತೆಗೆದು, ಸಮಯ ಶೇ. 10ಕ್ಕಿಂತ ಹೆಚ್ಚು ಬದಲಾದವನ್ನು ಮನುಷ್ಯರೇ ಕೂತು ನೋಡಬೇಕು. ಹೊಸ ಸೇತುವೆಯೋ, ಮುರಿದ ಕೊಂಡಿಯೋ ಅಲ್ಲಿಯೇ ಗೊತ್ತಾಗುತ್ತದೆ.

ಪೆಟ್ಟಿಗೆಯ ಮಿತಿಗಳು

ಫೋನ್ ನಾಲ್ಕು ವರ್ಷಕ್ಕೆ ಹಳೆಯದಾಗುತ್ತದೆ, ಕಾರು 15 ವರ್ಷ ಓಡುತ್ತದೆ. 8 ಗಿಗಾಬೈಟ್‌ನ ಫ್ಲ್ಯಾಶ್ ಮೆಮೊರಿಯ ಪ್ರತಿ ಕೋಶ 3000 ಸಲ ಅಳಿಸಿ ಬರೆಯುವುದನ್ನು ತಾಳುತ್ತದೆ ಎಂದರೆ ಒಟ್ಟು 24 ಟೆರಾಬೈಟ್. ಇದನ್ನು 15 ವರ್ಷಕ್ಕೆ ಹಂಚಿದರೆ ದಿನಕ್ಕೆ 4.4 ಗಿಗಾಬೈಟ್. ಚಿಕ್ಕ ಚಿಕ್ಕ ಬರಹಗಳಿಂದ ಒಳಗೆ ಹತ್ತು ಪಟ್ಟು ಅಳಿಸಿ ಬರೆಯುವ ಕೆಲಸವಾದರೆ ದಿನಕ್ಕೆ 440 ಮೆಗಾಬೈಟ್ ಮಾತ್ರ. ದಿನಕ್ಕೆ ಎರಡು ಗಂಟೆ ಓಡುವ ಕಾರಿನಲ್ಲಿ ಅದು ಸೆಕೆಂಡಿಗೆ ಸುಮಾರು 60 ಕಿಲೋಬೈಟ್. ದೋಷ ಹುಡುಕಲು ಬರೆಯುವ ಡಿಬಗ್ ಲಾಗ್ ಒಂದನ್ನು ಮರೆತು ತೆರೆದಿಟ್ಟರೆ ಇಷ್ಟನ್ನು ಸುಲಭವಾಗಿ ದಾಟುತ್ತದೆ. ಮೆಮೊರಿ ಸವೆದು ಕೆಲವು ವರ್ಷಗಳಲ್ಲಿ ಪರದೆಯೇ ಸಾಯುತ್ತದೆ. ಬರಹದ ಪ್ರಮಾಣವನ್ನು ಪ್ರತಿ ಬಿಲ್ಡ್‌ನಲ್ಲಿ ಅಳೆದು, ಮಿತಿ ಮೀರಿದರೆ ಬಿಲ್ಡ್ ತಿರಸ್ಕರಿಸುವ ನಿಯಮ ಇರಲಿ.

ಇನ್ನೊಂದು ಶತ್ರು ವಿದ್ಯುತ್. ಎಂಜಿನ್ ಸ್ಟಾರ್ಟ್ ಆಗುವ ಕ್ಷಣದಲ್ಲಿ ಬ್ಯಾಟರಿ ವೋಲ್ಟೇಜ್ ಕುಸಿಯುತ್ತದೆ, ಇಗ್ನಿಷನ್ ಯಾವಾಗ ಬೇಕಾದರೂ ಆಫ್ ಆಗಬಹುದು. ಕಲಿತ ಮೌಲ್ಯಗಳನ್ನು ಹಳೆಯ ಫೈಲ್ ಮೇಲೆಯೇ ಬರೆಯದೆ ಹೊಸ ಫೈಲ್‌ಗೆ ಬರೆದು, ಡಿಸ್ಕ್‌ಗೆ ಇಳಿದದ್ದು ಖಚಿತವಾದ ಮೇಲೆ ಹೆಸರು ಬದಲಿಸಬೇಕು. ತಂತ್ರಾಂಶದ ಅಪ್‌ಡೇಟ್‌ಗೆ ಎರಡು ವಿಭಾಗ ಬೇಕು: ಒಂದರಲ್ಲಿ ಓಡುತ್ತಿರುವುದು, ಇನ್ನೊಂದರಲ್ಲಿ ಸಹಿ ಪರೀಕ್ಷೆಯಾದ ಹೊಸದು. ಹೊಸದು ಮೂರು ಸಲ ಸರಿಯಾಗಿ ಏಳದಿದ್ದರೆ ತಾನಾಗಿ ಹಳೆಯದಕ್ಕೆ ಮರಳಬೇಕು. ಪರೀಕ್ಷಾ ಮೇಜಿನಲ್ಲಿ ರಿಲೇ ಒಂದನ್ನಿಟ್ಟು ಅಪ್‌ಡೇಟ್ ನಡುವೆ ಯಾದೃಚ್ಛಿಕವಾಗಿ ಸಾವಿರ ಸಲ ವಿದ್ಯುತ್ ಕಡಿದು ನೋಡದೆ ಇದನ್ನು ನಂಬಬಾರದು.

ದಿನಾಂಕದ ಬಲೆ

ಜಿಪಿಎಸ್‌ನ ಹಳೆಯ ಸಂದೇಶದಲ್ಲಿ ವಾರದ ಸಂಖ್ಯೆಗೆ ಇರುವುದು 10 ಬಿಟ್. 1024 ವಾರಕ್ಕೊಮ್ಮೆ, ಅಂದರೆ ಸುಮಾರು 19.6 ವರ್ಷಕ್ಕೊಮ್ಮೆ, ಅದು ಸೊನ್ನೆಗೆ ಮರಳುತ್ತದೆ. 1999ರ ಆಗಸ್ಟ್‌ನಲ್ಲಿ ಮತ್ತು 2019ರ ಏಪ್ರಿಲ್‌ನಲ್ಲಿ ಹೀಗಾಯಿತು, ಮುಂದಿನದು 2038ರ ನವೆಂಬರ್‌ನಲ್ಲಿ. ಅದೇ ವರ್ಷದ ಜನವರಿ 19ಕ್ಕೆ ಕಂಪ್ಯೂಟರ್‌ಗಳು ಸೆಕೆಂಡುಗಳಲ್ಲಿ ಎಣಿಸುವ 32 ಬಿಟ್‌ನ ಯುನಿಕ್ಸ್ ಸಮಯವೂ ತುಂಬಿ ಹೋಗುತ್ತದೆ. ಇಂದು ಮಾರಾಟವಾಗುವ ಕಾರುಗಳಲ್ಲಿ ಎಷ್ಟೋ ಆಗಲೂ ರಸ್ತೆಯಲ್ಲಿರುತ್ತವೆ. ಬಿಲ್ಡ್ ಆದ ದಿನಾಂಕವನ್ನು ಕೋಡ್‌ನಲ್ಲೇ ಇಟ್ಟು, ಅದಕ್ಕಿಂತ ಹಿಂದಿನ ದಿನ ಬಂದರೆ 1024 ವಾರ ಸೇರಿಸುವುದು ಸುಲಭ ರಕ್ಷಣೆ. ಸಮಯಕ್ಕೆ 64 ಬಿಟ್ ಬಳಸುವುದು ಕಡ್ಡಾಯ. ಜಿಪಿಎಸ್ ಸಮಯ 2017ರಿಂದ, ಜಗತ್ತಿನ ಪ್ರಮಾಣಿತ ಸಮಯವಾದ ಯುಟಿಸಿಗಿಂತ 18 ಸೆಕೆಂಡು ಮುಂದಿದೆ. ಒಂದು ಮಾಡ್ಯೂಲ್ ಒಂದನ್ನು, ಇನ್ನೊಂದು ಮತ್ತೊಂದನ್ನು ಬಳಸಿದರೆ ಸೆಕೆಂಡಿಗೆ 20 ಮೀಟರ್ ವೇಗದಲ್ಲಿ 360 ಮೀಟರ್ ಅಂತರ. ಮರುಓಟದ ವ್ಯವಸ್ಥೆ ಇದ್ದರೆ ದಾಖಲೆಯ ದಿನಾಂಕವನ್ನು 2038ಕ್ಕೆ ತಳ್ಳಿ ಇವತ್ತೇ ಪರೀಕ್ಷಿಸಬಹುದು.

ಮಾತು ಮತ್ತು ಅಳತೆ

ಗಂಟೆಗೆ 100 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ 28 ಮೀಟರ್ ಹೋಗುತ್ತದೆ. ‘200 ಮೀಟರ್ ಮುಂದೆ ಎಡಕ್ಕೆ ತಿರುಗಿ’ ಎಂಬ ಮಾತು 4 ಸೆಕೆಂಡು ಹಿಡಿದರೆ, ಮುಗಿಯುವ ಹೊತ್ತಿಗೆ ಉಳಿದದ್ದು 90 ಮೀಟರ್. ದೂರವನ್ನು ಮಾತು ಆರಂಭಿಸುವ ಗಳಿಗೆಗಲ್ಲ, ಆ ಸಂಖ್ಯೆ ಕಿವಿಗೆ ಬೀಳುವ ಗಳಿಗೆಗೆ ಲೆಕ್ಕ ಹಾಕಬೇಕು. ಎರಡು ತಿರುವು ಹತ್ತಿರವಿದ್ದರೆ ಮೊದಲ ಮಾತಿನಲ್ಲೇ ಎರಡನೆಯದನ್ನೂ ಸೇರಿಸಬೇಕು, ಬಿಡಿಯಾಗಿ ಹೇಳಲು ಸಮಯ ಸಿಗುವುದಿಲ್ಲ. ಪರದೆಗೂ ಮಿತಿಯಿದೆ: ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆಯ 2013ರ ಮಾರ್ಗಸೂಚಿಯಂತೆ ಒಂದು ನೋಟ 2 ಸೆಕೆಂಡು, ಇಡೀ ಕೆಲಸಕ್ಕೆ ಒಟ್ಟು 12 ಸೆಕೆಂಡು ದಾಟಬಾರದು.

ಬಿಡುಗಡೆಗೆ ಮುನ್ನ ನೋಡಬೇಕಾದ ಅಳತೆಗಳು ಕೆಲವೇ: ತಪ್ಪು ರಸ್ತೆಯಲ್ಲಿ ತೋರಿಸಿದ ಸೆಕೆಂಡುಗಳು, 100 ಕಿ.ಮೀ.ಗೆ ಕಾರಣವಿಲ್ಲದ ಮರುಲೆಕ್ಕಗಳು, ತಡವಾಗಿ ಬಂದ ಸೂಚನೆಗಳು, ತಲುಪುವ ಸಮಯದ ತಪ್ಪು. ಇವುಗಳ ಸರಾಸರಿಯನ್ನು ನೋಡಿ ಸಮಾಧಾನ ಪಡಬೇಡಿ. ಬಯಲು ಹೆದ್ದಾರಿಯ ಸಾವಿರ ಗಂಟೆಗಳು ಒಂದು ಸುರಂಗದ ತಪ್ಪನ್ನು ನುಂಗಿಬಿಡುತ್ತವೆ. ದಾಖಲೆಗಳನ್ನು ಸುರಂಗ, ಮೇಲ್ಸೇತುವೆ, ಎತ್ತರದ ಕಟ್ಟಡಗಳ ಬೀದಿ, ಬಹುಮಹಡಿ ಪಾರ್ಕಿಂಗ್ ಎಂದು ವಿಂಗಡಿಸಿ ಪ್ರತಿ ಗುಂಪನ್ನೂ ಬೇರೆಯಾಗಿ ಅಳೆಯಬೇಕು. ಮೇಲ್ಸೇತುವೆಯ ಗುಂಪನ್ನು ಸುಧಾರಿಸಲು ದಿಕ್ಕಿನ ತೂಕ ಹೆಚ್ಚಿಸಿದ ಬಿಲ್ಡ್, ಪಾರ್ಕಿಂಗ್ ಗುಂಪಿನಲ್ಲಿ ಕೆಟ್ಟದಾಗುವುದು ತೀರಾ ಸಾಮಾನ್ಯ. ಅಲ್ಲಿ ಕಾರು ಸುತ್ತುತ್ತಲೇ ಇರುವುದರಿಂದ ಗೈರೋಸ್ಕೋಪ್‌ನ ಅಳತೆಯನ್ನು ಡಿಗ್ರಿಗೆ ಬದಲಿಸುವ ಗುಣಕದಲ್ಲಿ ಶೇ. 1ರ ತಪ್ಪಿದ್ದರೂ ಐದು ಪೂರ್ಣ ಸುತ್ತಿಗೆ ದಿಕ್ಕು 18 ಡಿಗ್ರಿ ತಪ್ಪಿರುತ್ತದೆ. ಹೊರಗೆ ಬಂದು ಮೊದಲ ಉಪಗ್ರಹ ಸ್ಥಾನ ಸಿಗುವವರೆಗೆ ಬಾಣ ಅಡ್ಡ ರಸ್ತೆಯ ಕಡೆ ಮುಖ ಮಾಡಿಯೇ ನಿಂತಿರುತ್ತದೆ.